ಗೊಬ್ಬರ, ಮ್ಯಾನೇಜರ: ಒಂದೇ ಬೆಡಗು

ಹೋದ ವಾರ ಆಳಂದದ ಬಸ್ ಸ್ಟ್ಯಾಂಡಿನ ಎದುರು ತಿಪ್ಪೆಗೊಬ್ಬರ ತುಂಬಿದ ಟ್ರ್ಯಾಕ್ಟರೊಂದು ಟೈರು ಪಂಕ್ಚರಾಗಿ ನಿಂತುಬಿಟ್ಟಿತ್ತು. ಮಳೆಗಾಲಕ್ಕೆ ಮುಂಚಿನ ದಿನಗಳು, ಎಲ್ಲರೂ ಹೊಲಕ್ಕೆ ಗೊಬ್ಬರ ಹೊಡೆಸುವ ಹೊತ್ತು. ಬಿಸಿಲಿಗೆ ಅದರ ವಾಸನೆ ಎದ್ದು ಇಡೀ ಸ್ಟ್ಯಾಂಡನ್ನು ಹಿಡಿದಿತ್ತು. ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಅವಳ ಗಂಡ ಜೇಬಿನಿಂದ ಕರ್ಚೀಫು ತೆಗೆದ. ನಾನು ಮಾತ್ರ ಎದೆ ತುಂಬ ಉಸಿರೆಳೆದುಕೊಂಡು ನಿಂತೆ. ಆಕೆ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. ನೋಡಲಿ. ಈ ವಾಸನೆಗಾಗಿ ನಾನು ಒಂದು ನೌಕರಿ ಕಳೆದುಕೊಂಡಿದ್ದೇನೆ, ಅದರ ಮೇಲೆ ನನಗೆ ಅಷ್ಟಾದರೂ ಹಕ್ಕಿದೆ.

ನಾನು ಇಂಗ್ಲಿಷ್ ಕಲಿಸುವವಳು. ಹುಟ್ಟಿದ್ದು ಆಳಂದದಲ್ಲಿ, ಈಗ ಇರುವುದೂ ಆಳಂದದಲ್ಲಿ. ನಡುವೆ ಒಂದು ವರ್ಷ ಜೇವರ್ಗಿ ತಾಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿದ್ದೆ. ಕೊಳಕೂರ ದಾಟಿ ಕಚ್ಚಾ ರಸ್ತೆ ಹಿಡಿದು ಇನ್ನಷ್ಟು ಒಳಗೆ ಹೋಗಬೇಕು. ಆ ಊರಿನ ಹೆಸರು ಬರೆಯುವುದಿಲ್ಲ. ಹೆದರಿಕೆಗಲ್ಲ. ಅಲ್ಲಿ ನನಗೆ ರೊಟ್ಟಿ ತಟ್ಟಿ ಹಾಕಿದವರಿದ್ದಾರೆ, ಅವರ ಊರಿಗೆ ನಾನು ಕೆಟ್ಟ ಹೆಸರು ತರಲಾರೆ.

ಶಾಲೆ ಒಂದು ಸಂಸ್ಥೆಯದು. ಸಂಸ್ಥೆ ಅಂದರೆ ಒಬ್ಬರೇ. ಊರ ಮುಂದಿನ ಅರ್ಧ ಹೊಲ ಅವರದು, ಶಾಲೆಯ ಜಾಗ ಅವರಪ್ಪ ಕೊಟ್ಟದ್ದು, ಕಾಗದಪತ್ರದಲ್ಲಿ ಅವರು ಮ್ಯಾನೇಜರು. ಹಾಗಾಗಿ ಊರವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಮ್ಯಾನೇಜರ ಸಾಹೇಬರು ಎಂದು. ಅವರ ನಿಜವಾದ ಹೆಸರನ್ನು ಹೆಂಡತಿ ಹೇಗೂ ಹೇಳುತ್ತಿರಲಿಲ್ಲ, ಉಳಿದವರು ಮರೆತೇಬಿಟ್ಟಿದ್ದರು. ಆ ಊರಲ್ಲಿ ಮ್ಯಾನೇಜರ ಅಂದರೆ ಒಂದು ಪದವಲ್ಲ, ಒಬ್ಬ ಮನುಷ್ಯ. ಇದು ನನಗೆ ಮೊದಲೇ ಹೊಳೆಯಬೇಕಾಗಿತ್ತು ಎಂದು ಆಮೇಲೆ ಎಷ್ಟೋ ಜನ ಬುದ್ಧಿ ಹೇಳಿದರು. ಹೊಳೆದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ.

ಜೂನ್ ತಿಂಗಳ ಮೊದಲ ಮಳೆಗೆ ಕರಿಮಣ್ಣು ಚಪ್ಪಲಿಗೆ ಅಂಟಿ ಕಾಲು ಎತ್ತಲಾರದಂತೆ ಮಾಡಿದ್ದ ದಿನ ನಾನು ಆ ಊರಿಗೆ ಹೋದೆ. ಖೋಲಿ ಸಿಕ್ಕದ್ದು ಗುರಮ್ಮ ಆಯಿಯ ಮನೆಯಲ್ಲಿ. ಆಯಿ ಒಬ್ಬಳೇ ಇರುವ ಗಟ್ಟಿ ಮುದುಕಿ. ಬಾಡಿಗೆಗಿಂತ ಮಾತಾಡಲು ಜನ ಬೇಕು ಎಂದೇ ಖೋಲಿ ಕೊಡುತ್ತಿದ್ದಳು. ನನ್ನ ಹೆಸರಿನ ಮುಂದೆ ಬಿರಾದಾರ ಅಂತ ಇರುವುದು ಕೇಳಿ, ತಾನೂ ಬಿರಾದಾರಳೇ ಎಂದಳು. ಹಾಗಾದರೆ ನಾವು ಸಂಬಂಧಿಕರಾದೆವಲ್ಲ ಎಂದು ನಾನು ನಕ್ಕೆ. ಆಯಿ ನಗಲಿಲ್ಲ.

“ಅಡ್ಡಹೆಸರ ಒಂದಾದ್ರ ಏನ್ ಬಂತು ಬೇ? ಬೆಡಗ ಹೇಳು ಮೊದಲ.”

ನಮ್ಮ ಕಡೆ ಹೆಣ್ಣು ಕೊಡುವಾಗ, ತರುವಾಗ ಕೇಳುವ ಮಾತಿದು. ಬೆಡಗು ಅಂದರೆ ಮೂಲ, ಯಾವ ಬೇರಿನಿಂದ ಈ ಮನೆತನ ಬಂತು ಎನ್ನುವುದು. ಹೆಸರು ಒಂದೇ ಇದ್ದು ಬೆಡಗು ಬೇರೆಯಾದರೆ ನೀವು ಬೀಗರಾಗಬಹುದು. ಹೆಸರು ಬೇರೆಯಾಗಿ ಬೆಡಗು ಒಂದೇ ಆದರೆ ಅಣ್ಣತಮ್ಮಂದಿರು, ಮದುವೆಯ ಮಾತೇ ಇಲ್ಲ. ಈ ಪ್ರಶ್ನೆಯ ಬಗಲಲ್ಲಿ ಇನ್ನೂ ಏನೇನು ಪ್ರಶ್ನೆಗಳು ಅಡಗಿ ಕೂತಿರುತ್ತವೆ ಎಂದು ನನಗೆ ಗೊತ್ತು, ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ಆ ದಿನ ಆಯಿಯ ಜಗುಲಿಯ ಮೇಲೆ ಕೂತು ಕಾಲಿನ ಮಣ್ಣು ಕೆರೆಯುತ್ತಿದ್ದಾಗ ಸಿಟ್ಟಿನ ಜೊತೆಗೆ ಬೇರೊಂದು ಯೋಚನೆಯೂ ಬಂತು. ಕೆಟ್ಟದ್ದಕ್ಕೆ ಬಳಸುವ ಹತಾರವನ್ನು ಒಳ್ಳೆಯದಕ್ಕೆ ಬಳಸಿದರೆ ಹೇಗೆ?

ಯಾಕೆಂದರೆ ಹತ್ತನೆಯ ತರಗತಿಯ ಮಕ್ಕಳು ಇಂಗ್ಲಿಷ್ ಪುಸ್ತಕ ಕಂಡರೆ ಹಾವು ಕಂಡಂತೆ ಹೆದರುತ್ತಿದ್ದರು. ಹಿಂದಿನ ಮಾಸ್ತರರು ಪಾಸಾಗುವುದಕ್ಕೆಂದು ಒಂದಿಷ್ಟು ಪ್ರಶ್ನೆ ಆರಿಸಿ, ಉತ್ತರ ಬಾಯಿಪಾಠ ಮಾಡಿಸುತ್ತಿದ್ದರಂತೆ. ಮಕ್ಕಳು ಅವನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, ನಡುವೆ ತಡೆದು ಒಂದು ಪದದ ಅರ್ಥ ಕೇಳಿದರೆ ಮೊದಲಿನಿಂದ ಶುರು ಮಾಡುತ್ತಿದ್ದರು. ಮ್ಯಾನೇಜರ ಸಾಹೇಬರಿಗೆ ಬೇಕಾದದ್ದೂ ಅದೇ. ಜುಲೈನಲ್ಲಿ ಕರೆಸಿ, ಹೊಸದೇನೂ ಬೇಡ, ಬಾಯಿಪಾಠ ಮುಂದುವರಿಸಿ, ರಿಜಲ್ಟ್ ಕಡಿಮೆಯಾಗಬಾರದು ಎಂದು ಹೇಳಿದರು. ನಾನು ಹ್ಞೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಹೊರಗೆ ಬಂದು ನನಗೆ ಸರಿ ಕಂಡದ್ದನ್ನು ಮಾಡಿದೆ.

ಕಲಬುರಗಿಯ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ಒಂದು ದಪ್ಪ ನಿಘಂಟು ನನ್ನ ಹತ್ತಿರ ಇತ್ತು, ಇಂಗ್ಲಿಷ್ ಪದಗಳ ಹುಟ್ಟು ಹೇಳುವಂಥದ್ದು. ಶ್ರಾವಣದ ಜಡಿಮಳೆಯಲ್ಲಿ ತರಗತಿಯ ಒಂದು ಮೂಲೆ ಸೋರುತ್ತಿದ್ದಾಗ ಮಕ್ಕಳನ್ನೆಲ್ಲ ಒಣಗಿದ ಕಡೆ ಒತ್ತರಿಸಿ ಕೂಡಿಸಿ, ಹಲಗೆಯ ಮೇಲೆ ಪೆನ್, ಪೆನ್ಸಿಲ್, ಪೆನಿನ್ಸುಲಾ ಎಂದು ಬರೆದೆ. ಈ ಮೂವರ ಅಡ್ಡಹೆಸರು ಒಂದೇ ಇದೆ, ಇವರು ಒಂದೇ ಮನೆತನದವರೇನು ಎಂದು ಕೇಳಿದೆ. ಪೆನ್ನು, ಪೆನ್ಸಿಲ್ಲು ಅಣ್ಣತಮ್ಮರು, ಮೂರನೆಯವನು ಯಾರೋ ಗೊತ್ತಿಲ್ಲ ಎಂದರು. ಪೆನ್ನಿನ ಮೂಲ ಹಕ್ಕಿಯ ಗರಿ. ಪೆನ್ಸಿಲ್ಲಿನ ಮೂಲ ಸಣ್ಣ ಬಾಲ, ಬಣ್ಣ ಹಚ್ಚುವ ಕುಂಚ. ಪೆನಿನ್ಸುಲಾದ ಮೂಲ ಹೆಚ್ಚುಕಡಿಮೆ ದ್ವೀಪ ಎಂಬ ಮಾತು. ಮೂವರಿಗೂ ಒಬ್ಬರಿಗೊಬ್ಬರು ಏನೂ ಸಂಬಂಧವಿಲ್ಲ. ದಿನಾ ಒಂದೇ ಕಂಪಾಸ್ ಡಬ್ಬಿಯಲ್ಲಿ ಮಲಗುವ ಪೆನ್ನು, ಪೆನ್ಸಿಲ್ಲು ಅಣ್ಣತಮ್ಮರಲ್ಲ ಎಂದು ತಿಳಿದಾಗ ಮಕ್ಕಳು ಅದನ್ನು ನಂಬಲಾರದೆ ಡಬ್ಬಿ ತೆಗೆದು ನೋಡಿದರು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಸಿಕ್ಕ ಸಿಕ್ಕ ಪದಕ್ಕೆ ಬೆಡಗು ಕೇಳತೊಡಗಿದರು. ಟೆಲಿ ಅಂದರೆ ದೂರ ಎಂದು ಗೊತ್ತಾದ ದಿನ ಟೆಲಿಫೋನು, ಟೆಲಿವಿಜನ್ನು, ಟೆಲಿಸ್ಕೋಪು ಮೂರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದರು. ನಮ್ಮ ಮಾತಿಗೂ ಕೈ ಹಾಕಿದರು. ಖುರ್ಚಿ, ದವಾಖಾನೆ, ಜಮೀನು ಎಲ್ಲ ಯಾವ ಬೆಡಗು ಎಂದು ಕೇಳಿದರು. ನಮ್ಮ ಮನೆಗಳಲ್ಲಿ ಉರ್ದು, ಮರಾಠಿ ಎಲ್ಲ ಎಷ್ಟೋ ಕಾಲದಿಂದ ಉಂಡು ಮಲಗಿ ಎದ್ದು ಮನೆಯವರೇ ಆಗಿಹೋಗಿವೆ, ಇಂಗ್ಲಿಷೂ ಹಾಗೆಯೇ ಕಂಡವರ ಮನೆಯಿಂದೆಲ್ಲ ಪದ ತಂದು ದೊಡ್ಡದಾದದ್ದು ಎಂದು ನಾನು ಹೇಳಿದೆ. ಹೆದರುವುದಕ್ಕೆ ಅದೇನು ಆಕಾಶದಿಂದ ಇಳಿದದ್ದಲ್ಲ. ಈ ಮಾತನ್ನು ನಾನು ಇಂದಿಗೂ ಪ್ರತಿ ವರ್ಷ ಮೊದಲ ದಿನ ಹೇಳುತ್ತೇನೆ.

ಇದನ್ನೆಲ್ಲ ಅತಿ ಬೇಗ ಹಿಡಿದವಳು ಮಹಾನಂದಾ. ಹಿಂದಿನ ಬೆಂಚಿನ ಹುಡುಗಿ, ಬಹಳ ಮಾತಿಲ್ಲ, ಕೇಳಿದ್ದನ್ನು ಮರೆಯುವವಳಲ್ಲ. ಅವಳ ತಂದೆತಾಯಿಗೆ ಹೊಲವಿಲ್ಲ. ಬೇಸಿಗೆಯಲ್ಲಿ ಮ್ಯಾನೇಜರ ಸಾಹೇಬರ ಹೊಲಕ್ಕೆ ಗೊಬ್ಬರ ಹೊರುತ್ತಿದ್ದರು, ತಾಯಿ ಅವರ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಅಫಜಲಪುರದ ಕಡೆ ಕಬ್ಬು ಕಡಿಯಲು ಹೋದರೆ ಯುಗಾದಿಗೇ ಮರಳುವುದು. ಹಿಂದಿನ ವರ್ಷ ಮಹಾನಂದಾಳೂ ಹೋಗಿ ಕಬ್ಬಿನ ಹೊರೆ ಕಟ್ಟಿದ್ದಳು, ಶಾಲೆಗೆ ಅರ್ಧ ವರ್ಷ ಬಂದೇ ಇರಲಿಲ್ಲ. ಈ ವರ್ಷ ಹತ್ತನೆಯದಲ್ಲವೇ, ಪರೀಕ್ಷೆಗೆ ಹೆಸರು ಹೋದರೆ ಮುತ್ತ್ಯಾನ, ಅಂದರೆ ಅಜ್ಜನ, ಹತ್ತಿರ ಬಿಟ್ಟು ಹೋಗುತ್ತೇವೆ, ಹೋಗದಿದ್ದರೆ ಲಾರಿ ಹತ್ತಬೇಕು ಎಂದು ಅವಳಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ. ಅವನನ್ನು ನಾನು ಬೈಯಲಾರೆ. ಎರಡು ಕೈ ಹೆಚ್ಚಾದರೆ ಆ ಮನೆಗೆ ಏನಾಗುತ್ತದೆ ಎಂದು ಅವನಿಗೆ ಗೊತ್ತು.

ದಸರಾ ಕಳೆದ ಮೇಲೆ ಒಂದು ದಿನ ನಾನು ಹಲಗೆಯ ಮೇಲೆ ಮ್ಯಾನ್ ಎಂದು ಶುರುವಾಗುವ ಪದಗಳನ್ನೆಲ್ಲ ಬರೆದೆ. ಮ್ಯಾನ್ ಅಂದರೆ ಗಂಡಸು, ಹಾಗಾಗಿ ಈ ಮನೆಯೆಲ್ಲ ಗಂಡಸರದೇ ಎಂದು ಹುಡುಗರು ಕಾಲರ್ ಏರಿಸಿಕೊಂಡರು. ಬೆಡಗು ಬಿಚ್ಚಿ ತೋರಿಸಿದೆ. ಮ್ಯಾಂಗೋ ಗಂಡಸಿನದಲ್ಲ, ಅದು ನಮ್ಮದೇ ದಕ್ಷಿಣದ ಮಾಂಗಾಯಿ, ಪೋರ್ಚುಗೀಸರ ಹಡಗು ಹತ್ತಿ ಹೋಗಿ ಅಲ್ಲಿ ಸಾಹೇಬನಾದದ್ದು. ಮ್ಯಾನುಯಲ್, ಮ್ಯಾನುಸ್ಕ್ರಿಪ್ಟ್, ಮ್ಯಾನುಫ್ಯಾಕ್ಚರ್ ಇವು ಹಳೇ ಲ್ಯಾಟಿನ್ನಿನ ಒಂದು ಪದದಿಂದ ಬಂದವು, ಆ ಪದದ ಅರ್ಥ ಕೈ. ಮ್ಯಾನೇಜ್ ಎಂಬುದೂ ಕೈಯೇ. ಮೊದಲು ಅದು ಕುದುರೆಯನ್ನು ಲಗಾಮು ಹಿಡಿದು ಪಳಗಿಸುವ ಮಾತಾಗಿತ್ತು. ಕೊನೆಗೆ ಮ್ಯಾನ್ಯೂರ್, ನಾವು ಹೊಲಕ್ಕೆ ಹಾಕುವ ಗೊಬ್ಬರ. ಮೊದಲಿಗೆ ಅದರ ಅರ್ಥ ಕೈಯಿಂದ ದುಡಿದು ಭೂಮಿ ಹದ ಮಾಡುವುದು, ಆಮೇಲೆ ಹದ ಮಾಡಲು ಹಾಕುವ ವಸ್ತುವಿಗೇ ಆ ಹೆಸರಾಯಿತು. ಮಹಾನಂದಾ ತನ್ನ ಕೈ ಎತ್ತಿ ಮುಂದೆ ಹಿಂದೆ ತಿರುಗಿಸಿ ನೋಡಿಕೊಂಡಳು. ಬೆಳಗ್ಗೆ ಶೆಗಣಿಯ ಕುಳ್ಳು ತಟ್ಟಿ ಬಂದ ಕೈ, ಎಷ್ಟು ತೊಳೆದರೂ ಬೆರಳಿನ ಸಂದಿಯಲ್ಲಿ ಶೆಗಣಿ ಉಳಿದಿರುತ್ತಿತ್ತು. ಆ ಕೈಯನ್ನು ಅವಳು ಯಾವಾಗಲೂ ಬೆಂಚಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಆ ದಿನ ಬೆಂಚಿನ ಮೇಲೆ ಇಟ್ಟಳು.

ಮರುದಿನ ಮ್ಯಾನೇಜರ ಸಾಹೇಬರು ಊರ ಹಿರಿಯರಿಬ್ಬರ ಜೊತೆ ಶಾಲೆ ನೋಡಲು ಬಂದರು. ಹಲಗೆಯ ಮೇಲೆ ಪದಗಳು ಹಾಗೆಯೇ ಇದ್ದವು. ಬಾಯಿಪಾಠ ಬಿಟ್ಟು ಇದೇನು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾನಂದಾ ಎದ್ದು ನಿಂತಳು. ಅವಳಿಗೆ ಅಷ್ಟು ಖುಷಿ. ಸರಿಯಾದ ಉತ್ತರವೊಂದು ತನಗೆ ಗೊತ್ತಿರುವುದು ಅವಳ ಜೀವನದಲ್ಲಿ ಹೊಸ ಸಂಗತಿಯಾಗಿತ್ತು.

“ಇವೆಲ್ಲಾ ಒಂದ ಬೆಡಗಿನವ್ರಿ ಸರ, ಕೈ ಬೆಡಗು. ಮ್ಯಾನೇಜರ ಮತ್ತ ಗೊಬ್ಬರ ಅಣ್ಣತಮ್ಮರ್ರಿ.”

ಹಿರಿಯರಲ್ಲಿ ಒಬ್ಬರು ಕೆಮ್ಮಿದಂತೆ ಮಾಡಿ ನಕ್ಕುಬಿಟ್ಟರು. ಅಷ್ಟೇ ಸಾಕಾಯಿತು. ನಮ್ಮ ಸೀಮೆಯಲ್ಲಿ ಒಬ್ಬರ ಬೆಡಗು ಹೇಳುವುದೆಂದರೆ ಅವರ ಅಪ್ಪ, ಅಜ್ಜ, ಮುತ್ತಜ್ಜನ ತನಕ ಹೇಳಿದ ಹಾಗೆ. ಹೇಳಿದವಳೋ ಅವರ ಹೊಲಕ್ಕೆ ಗೊಬ್ಬರ ಹೊರುವವನ ಮಗಳು. ಆ ಮನುಷ್ಯ ಹಲಗೆಯ ಮೇಲಿನ ಪದವನ್ನು ನೋಡಲಿಲ್ಲ, ತನ್ನ ಮನೆತನವನ್ನು ನೋಡಿದರು. ಮುಖ ಕೆಂಪಗಾಗಿ ಹೊರಟುಹೋದರು. ಶಾಲೆಯ ಗೋಡೆಯ ಮೇಲೆ ಕಾಯಕದ ದೊಡ್ಡಸ್ತಿಕೆಯನ್ನು ಬಣ್ಣದ ಅಕ್ಷರದಲ್ಲಿ ಬರೆಸಿದವರು ಅವರೇ. ಅದರ ಕೆಳಗೇ ಚಪ್ಪಲಿ ಮೆಟ್ಟಿಕೊಂಡು ಹೋದರು.

ಸಂಜೆ ನನ್ನನ್ನು ಆಫೀಸಿಗೆ ಕರೆಸಿದರು. ಹೆಡ್ ಮಾಸ್ತರರು ಗೋಡೆಗೆ ಆತು ನಿಂತಿದ್ದರು. ಅವರು ಒಳ್ಳೆಯವರು, ಸಾಧು ಪ್ರಾಣಿ, ಮ್ಯಾನೇಜರ ಸಾಹೇಬರು ಕೂತಿರುವಾಗ ಕೂಡುವ ರೂಢಿ ಅವರಿಗಿರಲಿಲ್ಲ. ದೀಪಾವಳಿ ಸೂಟಿ ಮುಗಿದ ಮೊದಲ ದಿನ ಪ್ರಾರ್ಥನೆಯ ಹೊತ್ತಿಗೆ ಆ ಹುಡುಗಿ ಎಲ್ಲರೆದುರು ಮಾಫಿ ಕೇಳಬೇಕು, ತಾನು ಹೇಳಿದ್ದು ಸುಳ್ಳು ಅನ್ನಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕಳಿಸುವ ಹೆಸರುಗಳಲ್ಲಿ ಅವಳ ಹೆಸರಿರುವುದಿಲ್ಲ ಎಂದು ಹೇಳಿದರು.

ಕಲಿಸಿದವಳು ನಾನು, ಸಿಟ್ಟಿದ್ದರೆ ನನ್ನ ಮೇಲೆ ತೀರಿಸಿಕೊಳ್ಳಿ ಎಂದೆ. ನಿಘಂಟು ತಂದು ತೋರಿಸಲೇ ಎಂದೆ. ಅವರಿಗೆ ನಿಘಂಟು ಬೇಕಿರಲಿಲ್ಲ. ಪ್ರೈವೇಟಾಗಿ ಕಟ್ಟಿ ಬರೆಯಲಿ ಬಿಡಿ, ಯಾರು ಬೇಡ ಅಂದರು ಎಂದು ಕೈ ಆಡಿಸಿದರು. ಮಹಾನಂದಾಳ ಮನೆಯಲ್ಲಿ ಪ್ರೈವೇಟಾಗಿ ಎಂಬುದರ ಅರ್ಥ ‘ಯಾವತ್ತೂ ಇಲ್ಲ’ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಲಾರಿ ಸೂಟಿ ಮುಗಿದ ವಾರವೇ ಹೊರಡುವುದಿತ್ತು.

ಸೂಟಿಗೆ ನಾನು ಆಳಂದಕ್ಕೆ ಹೋಗಲಿಲ್ಲ. ಪಾಡ್ಯದ ಬೆಳಗ್ಗೆ ಮಹಾನಂದಾಳ ಮನೆಗೆ ಹೋದೆ. ಅವಳು ಬಾಗಿಲ ಮುಂದೆ ಕೂತು ಶೆಗಣಿಯ ಪಾಂಡವರನ್ನು ಮಾಡುತ್ತಿದ್ದಳು. ನಮ್ಮಲ್ಲಿ ದೀಪಾವಳಿ ಪಾಡ್ಯಕ್ಕೆ ಎಲ್ಲರ ಹೊಸ್ತಿಲ ಮುಂದೆ ಇಡುವ ಪುಟ್ಟ ಪುಟ್ಟ ಶೆಗಣಿ ಗೊಂಬೆಗಳು, ನೆತ್ತಿಯ ಮೇಲೆ ಚೆಂಡುಹೂವು, ಪಕ್ಕದಲ್ಲಿ ಉತ್ತರಾಣಿ ಕಡ್ಡಿ. ಅವಳ ತಾಯಿ ಮ್ಯಾನೇಜರ ಸಾಹೇಬರ ಮನೆಯಲ್ಲಿ ಇದೇ ಕೆಲಸ ಮುಗಿಸಿ ಆಗ ತಾನೇ ಬಂದಿದ್ದಳು. ಅಲ್ಲಿ ಕೊಟ್ಟ ಹೋಳಿಗೆ ನನ್ನ ಮುಂದೆ ಇಟ್ಟು, ಮಗಳಿಗೆ ಬುದ್ಧಿ ಹೇಳಿರಿ ಎಂದು ಕೈ ಮುಗಿದಳು. ಒಂದು ಮಾತು ಅಂದುಬಿಟ್ಟರೆ ಬಾಯಿ ಸವೆಯುತ್ತದೆಯೇ, ತಾನು ದಿನಕ್ಕೆ ಎಷ್ಟು ಸಲ ಅನ್ನುತ್ತೇನೆ ಎಂದಳು. ಆ ಮಾತು ನನ್ನ ಎದೆಗೆ ತಾಗಿತು. ಹೋಳಿಗೆ ಮುರಿದು ಕೈಯಲ್ಲೇ ಹಿಡಿದು ಕೂತೆ. ಹುಡುಗಿಯ ವರ್ಷ ಉಳಿಯಬೇಕಾದರೆ ಮಾಫಿ ಕೇಳು ಎಂದು ನಾನೇ ಹೇಳಬೇಕೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಮಹಾನಂದಾ ತಲೆ ಎತ್ತದೆ, ಗೊಂಬೆಗೆ ಹೂವು ಸಿಗಿಸುತ್ತ ಹೇಳಿದಳು:

“ಸರಿ ಇದ್ದಿದ್ದಕ್ಕ ಮಾಫಿ ಕೇಳಿದ್ರ, ನಾಳಿ ಪರೀಕ್ಷಾದಾಗೂ ಸರಿ ಉತ್ತರ ಬರದು ಹೊಡದ ಹಾಕಬೇಕಾಗ್ತದ್ರಿ ಮೇಡಂ. ಆಮ್ಯಾಲ ಪರೀಕ್ಷಾ ಯಾಕ ಬರೀಬೇಕ್ರಿ?”

 ಮಾಫಿ ಕೇಳು ಎನ್ನುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಹೋಳಿಗೆ ತಿಂದು, ನೀರು ಕುಡಿದು, ನಿನಗೆ ಸರಿ ಕಂಡದ್ದನ್ನು ಹೇಳು, ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಹೇಳಿ ಎದ್ದು ಬಂದೆ. ಅವಳ ತಾಯಿ ನನ್ನ ಬೆನ್ನಿಗೆ ಹಾಕಿದ ಶಾಪ ನನಗೆ ಕೇಳಿಸಿತು. ಅದು ಆಕೆಯ ಹಕ್ಕು.

ಶಾಲೆ ಶುರುವಾದ ದಿನ ತೊಗರಿ ಹೂವಿನ ಹಳದಿ ಕಾಂಪೌಂಡಿನ ಆಚೆ ಕಣ್ಣು ಹಾಯುವಷ್ಟು ದೂರ ಹರಡಿತ್ತು. ಮ್ಯಾನೇಜರ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಖುರ್ಚಿಯಲ್ಲಿ ಕೂತರು. ಪ್ರಾರ್ಥನೆ ಮುಗಿಯಿತು. ಮಹಾನಂದಾ ಸಾಲಿನಿಂದ ಮುಂದೆ ಬಂದಳು. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ, ಕೊಟ್ಟ ಮಾತು. ಅವಳು ನೇರವಾಗಿ ಖುರ್ಚಿಯ ಕಡೆ ನೋಡಿ ಹೇಳಿದಳು:

“ಸರ, ನಿಮಗ ಬ್ಯಾಸರ ಆಗಿದ್ರ ನನಗೂ ಬ್ಯಾಸರ ಅದ್ರಿ. ಆದ್ರ ನಾ ಅಂದಿದ್ದು ಖರೆ ಅದ. ಮೊನ್ನಿ ಪಾಡ್ಯಾಕ್ಕ ನಿಮ್ಮ ಹೊಸ್ತಿಲದ ಮುಂದ ಪಾಂಡವರನ್ನ ಮಾಡಿದಾಕಿ ನಮ್ಮವ್ವ. ನೀವು ಆ ಶೆಗಣಿಗಿ ಕೈ ಮುಗದ್ರಿ. ಕೈ ಮುಗದಾಗ ಸಣ್ಣವರಾಗ್ಲಿಲ್ಲ ನೀವು. ಅದರ ಬೆಡಗಿನವ್ರು ಅಂದ್ರ ಹ್ಯಾಂಗ ಸಣ್ಣವರಾಗ್ತೀರ್ರಿ?”

ಯಾರೂ ನಗಲಿಲ್ಲ.    ಮ್ಯಾನೇಜರ ಸಾಹೇಬರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, ಇದನ್ನೆಲ್ಲ ಕಲಿಸಿದ್ದು ನೀವೇ ಅಲ್ಲವೇ ಎಂದರು. ಇಂಗ್ಲಿಷ್ ಕಲಿಸಿದ್ದು ನಾನು, ಈ ಮಾತು ಅವಳ ಮನೆಯದು ಎಂದೆ. ಸುಳ್ಳು ಹೇಳಲಿಲ್ಲ. ಅಷ್ಟು ಒಳ್ಳೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಅವರು ಎದ್ದು ಹೋದರು, ಸಿಪಾಯಿ ಖುರ್ಚಿ ಎತ್ತಿ ಒಳಗಿಟ್ಟ.

ಮಧ್ಯಾಹ್ನ ಹೆಡ್ ಮಾಸ್ತರರು ನನ್ನನ್ನು ಕಂಪ್ಯೂಟರಿನ ಖೋಲಿಗೆ ಕರೆದರು. ಬಾಗಿಲು ಹಾಕಿಕೊಂಡು, ನೆಲ ನೋಡುತ್ತ, ಸಾಹೇಬರ ಫೋನು ಬಂದಿತ್ತು ಎಂದರು. ಹುಡುಗಿಯ ಹೆಸರು ಕಳಿಸುವುದಾದರೆ ಕಳಿಸಿಕೊಳ್ಳಲಿ, ಆದರೆ ಆ ಮೇಡಂ ಬರುವ ಜೂನಿಗೆ ಈ ಶಾಲೆಯಲ್ಲಿ ಕಾಣಬಾರದು. ಮೇಡಂ ಇರಬೇಕಾದರೆ ಹುಡುಗಿ ಇರಬಾರದು. ಇಬ್ಬರಲ್ಲಿ ಒಬ್ಬರು. ಹೇಳಿ ಮುಗಿಸುವ ಹೊತ್ತಿಗೆ ಹೆಡ್ ಮಾಸ್ತರರ ಹಣೆಯಲ್ಲಿ ಬೆವರು. ತಮ್ಮ ಬಾಯಿಂದ ಇಂಥ ಮಾತು ಹೇಳಿಸಿದರಲ್ಲ ಎಂದು ಅವರಿಗೆ ಅಳುವೇ ಬಂದಂತಿತ್ತು.

ನನಗೆ ಆ ನೌಕರಿ ಬೇಕಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ತಂಗಿಯ ಓದಿತ್ತು, ಮನೆಯವರು ನನ್ನ ಪಗಾರದ ಮೇಲೆ ಕಣ್ಣಿಟ್ಟುಕೊಂಡಿದ್ದರು, ಬೇರೆ ಕಡೆ ಜಾಗ ಸಿಗುವ ಖಾತ್ರಿ ಇರಲಿಲ್ಲ. ಆದರೆ ಆ ಕ್ಷಣ ನನಗೆ ಬಂದದ್ದು ದುಃಖವಲ್ಲ, ಸಿಟ್ಟು, ಅದೂ ಎಂಥ ಸಿಟ್ಟು ಅಂದರೆ ಒಳಗೆಲ್ಲ ಹಗುರಾದಂತೆ ಆಯಿತು. ಜೂನಿಗೆ ಇರುವುದಿಲ್ಲ, ಪರೀಕ್ಷೆ ಮುಗಿಯುವ ತನಕ ಒಂದು ದಿನವೂ ಮುಂಚೆ ಹೋಗುವುದಿಲ್ಲ, ಅವಳ ಹೆಸರನ್ನು ಈಗ ನನ್ನ ಮುಂದೆಯೇ ಹಾಕಿ ಎಂದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಕರೆಂಟು ಹೋದರೆ ಎಂದು ನನಗೆ ಭಯ. ಹೋಗಲಿಲ್ಲ. ಕೊನೆಯ ಗುಂಡಿ ಒತ್ತಿ ಅವರು ಖುರ್ಚಿಗೆ ಒರಗಿದರು, ನಾನು ನೋಡಿದಂತೆ ಅವರು ಶಾಲೆಯಲ್ಲಿ ಆರಾಮಾಗಿ ಕೂತದ್ದು ಅದೇ ಮೊದಲು.

“ನಮ್ದೂ ಒಂದ ಹೇಳಿಬಿಡ್ರಿ ಮೇಡಂ. ಮಾಸ್ತರ ಅನ್ನೋದು ಯಾ ಬೆಡಗು?”

“ಮಾಸ್ತರ ಅಂದ್ರ ಮೂಲದಾಗ ದೊಡ್ಡಾಂವ ಅಂತರಿ ಸರ. ಇವತ್ತ ನಿಮಗ ಹೊಂದ್ತದ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ವಾರ ಲಾರಿ ಹೋಯಿತು, ಮಹಾನಂದಾ ರಸ್ತೆಯಲ್ಲೇ ನಿಂತಳು. ಅವಳ ತಾಯಿ ಲಾರಿಯಿಂದ ಕೆಳಗೆ ಬಾಗಿ ಮಗಳ ತಲೆ ಮುಟ್ಟಿ ಹೋದಳು. ನನ್ನ ಕಡೆ ನೋಡಲಿಲ್ಲ.

ಆಮೇಲಿನ ತಿಂಗಳುಗಳು ನನಗೆ ಒಂದೇ ಉಸಿರಿನಲ್ಲಿ ಕಳೆದ ಹಾಗೆ ನೆನಪಿವೆ. ಹೋಗುವುದು ಖಾತ್ರಿಯಾದವಳಿಗೆ ಹೆದರಿಕೆ ಎಲ್ಲಿಯದು? ಬಾಯಿಪಾಠದ ಪ್ರಶ್ನೆಗಳನ್ನು ಅರ್ಥ ಹೇಳಿಕೊಟ್ಟೇ ಓದಿಸಿದೆ, ತಿಳಿದು ಬರೆದರೂ ಅಂಕ ಬರುತ್ತದೆ ಎಂದು ತೋರಿಸಬೇಕಾಗಿತ್ತು. ಎಳ್ಳಮಾವಾಸ್ಯೆಗೆ ಇಡೀ ಊರು ಹೊಲಕ್ಕೆ ಹೋಯಿತು. ಗುರಮ್ಮ ಆಯಿ ನನ್ನನ್ನೂ ಮಹಾನಂದಾಳನ್ನೂ ತನ್ನ ತುಂಡು ಹೊಲಕ್ಕೆ ಎಳೆದುಕೊಂಡು ಹೋದಳು. ಆಯಿ ಬೆಳೆಯ ನಡುವೆ ಚರಗ ಚೆಲ್ಲುತ್ತ, ಭೂಮಿತಾಯಿಗೆ ಉಣಿಸುತ್ತ ಸುತ್ತು ಹಾಕಿದಳು, ನಾವು ಹಿಂದೆ ಹಿಂದೆ ಹೋದೆವು. ಉಂಡ ಮೇಲೆ ಜೋಳದ ನೆರಳಿನಲ್ಲಿ ಪಾಠಕ್ಕೆ ಕೂತೆವು. ಆಗ ಪಕ್ಕದ ಹೊಲದಿಂದ ಮ್ಯಾನೇಜರ ಸಾಹೇಬರ ಹೆಂಡತಿ ಆಳಿನ ಕೈಯಲ್ಲಿ ಒಂದು ಡಬ್ಬಿ ತುಂಬ ಭಜ್ಜಿ ಕಳಿಸಿದರು. ಆ ದಿನ ಹೊಲದಲ್ಲಿ ಕಂಡವರಿಗೆಲ್ಲ ಉಣಿಸುವುದು ರೂಢಿ, ಯಾರನ್ನೂ ಬಿಡುವ ಹಾಗಿಲ್ಲ. ಕಾಳು, ಸೊಪ್ಪು, ಹುಣಸೆಹುಳಿ ಎಲ್ಲ ಹದವಾಗಿ ಕೂಡಿ ಕುದ್ದ, ಪಲ್ಯದಂಥ ಭಜ್ಜಿ. ಅವರ ಮನೆಯದು ಎಂದು ಬಿಡಲಿಲ್ಲ, ಡಬ್ಬಿಯ ತಳ ಕೆರೆದು ತಿಂದೆವು. ಸಿಟ್ಟು ನನಗೆ ಅವರ ಖುರ್ಚಿಯ ಮೇಲೆ ಇತ್ತು, ಅವರ ಒಲೆಯ ಮೇಲೆ ಇರಲಿಲ್ಲ.

ಮಹಾನಂದಾ ಪಾಸಾದಳು. ತಾಲೂಕಿಗೆ ಮೊದಲು ಬಂದಳು ಎಂದು ಬರೆಯಲು ಆಸೆಯಾಗುತ್ತದೆ, ಹಾಗೇನೂ ಇಲ್ಲ. ಗಣಿತದಲ್ಲಿ ಹೇಗೋ ದಡ ಮುಟ್ಟಿದ್ದಳು. ಇಂಗ್ಲಿಷಿನಲ್ಲಿ ಚೆನ್ನಾಗಿ ಬಂದಿತ್ತು. ರಿಜಲ್ಟ್ ಬಂದಾಗ ನಾನು ಆ ಊರಿನಲ್ಲಿರಲಿಲ್ಲ. ಶಾಲು, ಹಾರ ಏನೂ ಇಲ್ಲದೆ, ಪುಸ್ತಕದ ಚೀಲ ಹೊತ್ತು ಮರಳಿ ಬಂದಿದ್ದೆ. ಬಸ್ಸಿನ ತನಕ ಬಂದವರು ಹೆಡ್ ಮಾಸ್ತರರು ಮತ್ತು ಗುರಮ್ಮ ಆಯಿ ಇಬ್ಬರೇ. ಇಲ್ಲಿನ ಶಾಲೆಯೊಂದರಲ್ಲಿ ಜಾಗ ಸಿಗುವ ತನಕ ಎರಡು ವರ್ಷ ಆಳಂದದಲ್ಲಿ ಟ್ಯೂಷನ್ ಹೇಳಿಕೊಂಡು, ಮನೆಯವರ ಮಾತು ಕೇಳಿಕೊಂಡು ದಿನ ಕಳೆದೆ. ಒಂದು ಪದಕ್ಕಾಗಿ ನೌಕರಿ ಕಳೆದುಕೊಂಡವಳು ಎಂದು ನಮ್ಮ ಕಾಕಾ ಬಂದವರೆದುರು ನನ್ನನ್ನು ತೋರಿಸುತ್ತಿದ್ದರು. ಒಂದಲ್ಲ, ಎರಡು ಪದ ಎಂದು ನಾನು ತಿದ್ದುತ್ತಿದ್ದೆ.

ಇಷ್ಟೆಲ್ಲ ಆ ಟ್ರ್ಯಾಕ್ಟರಿನ ಎದುರು ನಿಂತು ನೆನಪಾಯಿತು. ಮನೆಗೆ ಹೋಗಿ ಮಹಾನಂದಾಳಿಗೆ ಫೋನು ಹಚ್ಚಿದೆ. ಅವಳು ಈಗ ಅಫಜಲಪುರ ತಾಲೂಕಿನ ಅತನೂರದಲ್ಲಿದ್ದಾಳೆ, ಒಂದು ಕಾಲಕ್ಕೆ ಕಬ್ಬಿನ ಹೊರೆ ಕಟ್ಟಿದ ಸೀಮೆಯಲ್ಲೇ. ಪಿಯುಸಿ, ಡಿಗ್ರಿ ಎಲ್ಲ ಹೇಗೆ ಹೇಗೋ ಮುಗಿಸಿದಳು, ಅದು ಅವಳು ಹೇಳಬೇಕಾದ ಕತೆ. ನಾಲ್ಕೈದು ಊರಿನ ರೈತ ಹೆಣ್ಣುಮಕ್ಕಳು ಕೂಡಿ ಕಟ್ಟಿದ ಸಂಘದಲ್ಲಿ ಕೆಲಸಕ್ಕಿದ್ದೇನೆ ಎಂದಿದ್ದಳು, ಎಂಥ ಕೆಲಸ ಎಂದು ನಾನು ಕೇಳಿರಲಿಲ್ಲ. ನಾಳೆ ಬಂದುಬಿಡಿ ಎಂದಳು, ಹೋದೆ.

ತಗಡಿನ ಶೆಡ್ಡು. ಹೊರಗೆ ಸಾಲಾಗಿ ಗೊಬ್ಬರದ ಗುಂಡಿಗಳು, ಮೇಲೆ ಗೋಣಿತಟ್ಟು ಹೊದಿಸಿ ನೀರು ಚಿಮುಕಿಸಿದ್ದರು. ಒಳಗೆ ಜರಡಿ ಹಿಡಿದ ಗೊಬ್ಬರವನ್ನು ಹೆಂಗಸರು ಚೀಲಕ್ಕೆ ತುಂಬಿ ಹೊಲಿಯುತ್ತಿದ್ದರು. ಅವರ ನಡುವೆ ಒಂದು ಟೇಬಲ್ಲು, ಟೇಬಲ್ಲಿನ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಅವಳ ಹೆಸರು, ಹೆಸರಿನ ಕೆಳಗೆ ಮ್ಯಾನೇಜರ ಎಂದು ಬರೆದಿತ್ತು. ಕತೆ ಕಟ್ಟುತ್ತಿದ್ದಾಳೆ ಎಂದು ಓದುವವರಿಗೆ ಅನ್ನಿಸಬಹುದು. ಅನ್ನಿಸಲಿ, ಅಲ್ಲಿಗೆ ಹೋಗುವ ಬಸ್ಸು ಎಲ್ಲರಿಗೂ ಸಿಗುತ್ತದೆ. ನಾನು ಆ ಪಟ್ಟಿಯನ್ನು ಕೈಯಲ್ಲಿ ಎತ್ತಿಕೊಂಡು ನಗತೊಡಗಿದೆ, ನಗುತ್ತ ನಗುತ್ತ ಅತ್ತೂಬಿಟ್ಟೆ. ಅವಳ ತಾಯಿ ಅಲ್ಲಿಯೇ ಚೀಲ ಹೊಲಿಯುತ್ತ ಕೂತಿದ್ದವಳು ಎದ್ದು ಬಂದು ನೀರಿನ ತಂಬಿಗೆ ಕೊಟ್ಟಳು, ಈ ಸಲ ನನ್ನ ಮುಖ ನೋಡಿದಳು.

ಚಹಾ ಕುಡಿಯುವಾಗ ಆ ಬೆಡಗಿನ ಮಾತು ಇಲ್ಲಿ ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. ಮೊದಲ ಮೀಟಿಂಗಿನಲ್ಲೇ ಹೇಳಿದೆ ಎಂದಳು. ಎಲ್ಲ ಊರಿನ ಹೆಂಗಸರು ನೆಲದ ಮೇಲೆ ಕೂತಿದ್ದರಂತೆ. ನಾನು ಮ್ಯಾನೇಜರು, ನಾವು ಮಾಡುವುದು ಗೊಬ್ಬರ, ಎರಡರದೂ ಒಂದೇ ಬೆಡಗು, ಕೈ ಬೆಡಗು ಎಂದಳಂತೆ. ಅದಕ್ಕೆ ಅವರೇನು ಅಂದರು ಎಂದು ಕೇಳಿದೆ.

“ಮಾಫಿ ಕೇಳಂತ ಯಾರೂ ಅನ್ಲಿಲ್ರಿ ಮೇಡಂ. ಎಲ್ಲಾರೂ ತಮ್ಮ ತಮ್ಮ ಕೈ ನೋಡಿಕೊಂಡ್ರು.”